3 ಕಿಲೋ ಪೆಟ್ಟಿಗೆಗೆ 16 ಕಿಲೋದ ಬಾಡಿಗೆ!

ಒಂದು ಕಿಲೋ ಹತ್ತಿ ಭಾರವೋ, ಒಂದು ಕಿಲೋ ಕಬ್ಬಿಣ ಭಾರವೋ ಎಂದು ಕೇಳಿ ಗುರುಗಳು ನಮ್ಮನ್ನು ಮಂಗ ಮಾಡಿದ್ದು ನೆನಪೈತಲ್ಲ? ತೂಕ ಎರಡೂ ಸಮ. ಆದರೆ ಬೇರೆ ಊರಿಗೆ ಕಳಿಸುವಾಗ ಖರ್ಚು ಸಮ ಅಲ್ಲ. ಇದು ನನಗೆ ನಮ್ಮ ಕಾಕಾನಿಂದ ಗೊತ್ತಾಯಿತು.

ಕಾಕಾ ದಿನಾ ಗೋಕಾಕಕ್ಕೆ ಹೋಗಿ ಗೊಂಬೆ ಮಾರುತ್ತಾನೆ. ಗೋಕಾಕ ಅಂದ್ರೆ ಎಲ್ಲರೂ ಕರದಂಟು ಅನ್ನುತ್ತಾರೆ. ಬಣ್ಣದ ಗೊಂಬೆಗಳಿಗೂ, ಥೇಟ್ ಖರೇ ಹಣ್ಣಿನಂತೆ ಕಾಣುವ ಆಟಿಗೆ ಹಣ್ಣುಗಳಿಗೂ ಅದು ಹೆಸರಾದ ಊರು. ಹೋದ ದಸರೆಗೆ ಬೆಂಗಳೂರಿನವರೊಬ್ಬರು ಫೋನ್ ಮಾಡಿ ಹಣ್ಣು, ಗೊಂಬೆ ಕೇಳಿದರು. ಕಳಿಸುವ ಖರ್ಚೂ ಸೇರಿ 1500 ರೂಪಾಯಿ ಎಂದು ಕಾಕಾ ಮಾತು ಕೊಟ್ಟುಬಿಟ್ಟ. ಪೆಟ್ಟಿಗೆ ತೂಗಿದರೆ 3 ಕಿಲೋ. ಕಿಲೋಕ್ಕೆ 60ರಂತೆ 180 ಆಗಬೇಕು. ಕೊರಿಯರ್‌ನವರು ಕೇಳಿದ್ದು 960!

"ಯಾಕ್ರೀ, ನಿಮ್ಮ ತಕ್ಕಡಿ ಸುಳ್ಳ ಹೇಳತೈತೇನ್ರೀ?"

"ತಕ್ಕಡಿ ಖರೇನ ಹೇಳತೈತ್ರಿ. ನಾವು ಅಳತಿ ಮ್ಯಾಲ ರೊಕ್ಕ ತಗೋತೇವ್ರಿ."

ಕಾಕಾ ಪೆಟ್ಟಿಗೆ ಹೊತ್ತುಕೊಂಡು ವಾಪಸ್ ಬಂದ. ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಅಳತಿ ಲೆಕ್ಕ ಹೀಗಿದೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಬೇಕು. ಬಂದದ್ದನ್ನು 5000ದಿಂದ ಭಾಗಿಸಬೇಕು. (ಬಹಳ ಕೊರಿಯರ್‌ನವರು 5000 ಹಿಡಿಯುತ್ತಾರೆ, ಕೆಲವರ ಅಂಕಿ ಬೇರೆ.) ಈ ಲೆಕ್ಕದ ಕಿಲೋ, ತಕ್ಕಡಿಯ ಕಿಲೋ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ರೊಕ್ಕ. ಅವ್ವನ ಹೊಲಿಗೆ ಟೇಪು ತಂದು ನಾನೇ ಅಳೆದೆ. 50 × 40 × 40 = 80000. ಭಾಗಿಸಿದರೆ 16! ಘನಫಲದ ಲೆಕ್ಕ ಪರೀಕ್ಷೆಗೆ ಮಾತ್ರ ಅಂದುಕೊಂಡಿದ್ದೆ.

ಇದು ಮೋಸವೇ? ಮೊದಲು ನಾನೂ ಹಾಗೇ ಅಂದೆ. ಆದರೆ ಹುಕ್ಕೇರಿ ಕಡೆಯಿಂದ ಕಣಿಕೆ ಹೇರಿಕೊಂಡು ಬರುವ ಟ್ರ್ಯಾಕ್ಟರ್ ನೋಡಿರಿ. ಟ್ರೇಲರ್ ತುಂಬಿ ಹೊರಗೆ ಚಾಚಿರುತ್ತದೆ, ಆದರೆ ಅಷ್ಟೇ ಕಬ್ಬು ಹೇರಿದಷ್ಟು ಭಾರ ಇರುವುದಿಲ್ಲ. ಡ್ರೈವರ್ ಒಂದು ಖೇಪಿನ ಬಾಡಿಗೆ ಬಿಡುತ್ತಾನೇನು? ಜಾಗ ಮುಗಿದ ಮೇಲೆ ಮತ್ತೇನನ್ನೂ ಹೇರಲು ಬರುವುದಿಲ್ಲ. ವಿಮಾನ, ಲಾರಿಗಳದ್ದೂ ಇದೇ ಮಾತು.

ಅದಕ್ಕೇ ಹತ್ತಿಯನ್ನು ಹಾಗೇ ಸಡಿಲವಾಗಿ ದೂರ ಕಳಿಸುವುದಿಲ್ಲ. ಬೀಜ ಬಿಡಿಸಿ, ಯಂತ್ರದಲ್ಲಿ ಒತ್ತಿ ಬೇಲು ಕಟ್ಟುತ್ತಾರೆ. ನಮ್ಮ ದೇಶದಲ್ಲಿ ಒಂದು ಬೇಲು ಎಂದರೆ 170 ಕಿಲೋ ಎಂದು ಲೆಕ್ಕ. ಗೋಕಾಕ ಫಾಲ್ಸಿನಲ್ಲಿ ನೂಲಿನ ಮಿಲ್ಲು ಶುರುವಾದದ್ದು 1880ರ ದಶಕದಲ್ಲಿ. ನೂಲಾದ ಮೇಲೂ ಅದೇ ಹತ್ತಿ ಸಡಿಲ ಹತ್ತಿಗಿಂತ ಕಡಿಮೆ ಜಾಗದಲ್ಲಿ ಕೂಡುತ್ತದೆ.

ಗೊಂಬೆ ಒತ್ತಲು ಬರುವುದಿಲ್ಲವಲ್ಲ! ಮರುದಿನ ನಾನೂ ಕಾಕಾನೂ ಪೆಟ್ಟಿಗೆ ಬಿಚ್ಚಿದೆವು. ಒಳಗೆ ಅರ್ಧದಷ್ಟು ಬರೀ ಹುಲ್ಲು. ಸಣ್ಣ ಹಣ್ಣುಗಳನ್ನು ದೊಡ್ಡವುಗಳ ಸಂದಿಯಲ್ಲಿ ಕೂಡಿಸಿ, ಕಾಗದ ತುರುಕಿ, 40 × 30 × 30ರ ಪೆಟ್ಟಿಗೆಯಲ್ಲಿ ಹಿಡಿಸಿದೆವು. 36000 ಭಾಗಿಸು 5000 ಎಂದರೆ 7.2. ಕೊರಿಯರ್‌ನವರು 7.5 ಹಿಡಿದರು. 450 ರೂಪಾಯಿ. 510 ಉಳಿಯಿತು.

ಆದರೆ ಬೆಂಗಳೂರು ಮುಟ್ಟುವಾಗ ಒಂದು ಸೀತಾಫಲದ ತೊಟ್ಟು ಮುರಿದಿತ್ತಂತೆ. ಇಕ್ಕಟ್ಟು ಸ್ವಲ್ಪ ಹೆಚ್ಚಾಗಿತ್ತು. ಅದರ ಬದಲು ಕಾಕಾ ಇನ್ನೊಂದು ಕಳಿಸಬೇಕಾಯಿತು. ಈಗ ಅವನು ಫೋನಿನಲ್ಲಿ ರೇಟು ಹೇಳುವ ಮೊದಲೇ ಪೆಟ್ಟಿಗೆ ಅಳೆಯುತ್ತಾನೆ. ಟೇಪು ಅಂಗಡಿಯಲ್ಲೇ ಐತಿ. ಅವ್ವ ದಿನಾ ಕೇಳುತ್ತಾಳೆ.