ತೋಟಗಾರನ ಮನೆಯಿಂದ ಸ್ಫಟಿಕದ ಅರಮನೆಗೆ

ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. 1889ರಲ್ಲಿ ಶಂಕುಸ್ಥಾಪನೆಯಾದ ಈ ಕಟ್ಟಡಕ್ಕೆ ಮಾದರಿಯಾದುದು ಲಂಡನ್ನಿನ ‘ಕ್ರಿಸ್ಟಲ್ ಪ್ಯಾಲೆಸ್’, ಎಂದರೆ ಸ್ಫಟಿಕದ ಅರಮನೆ. ಅದನ್ನು ರೂಪಿಸಿದವನು ವಾಸ್ತುಶಿಲ್ಪವನ್ನು ಶಾಲೆಯಲ್ಲಿ ಕಲಿತವನಲ್ಲ. ಇಂಗ್ಲೆಂಡಿನ ಶ್ರೀಮಂತನೊಬ್ಬನ ಜಹಗೀರಿನಲ್ಲಿ ಸಂಬಳಕ್ಕೆ ದುಡಿಯುತ್ತಿದ್ದ ತೋಟಗಾರ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ಆತನ ಸಂಸಾರದ ಕಥೆಯೊಡನೆಯೇ ನೋಡೋಣ.

ಜೋಸೆಫ್ ಪ್ಯಾಕ್ಸ್‌ಟನ್ ಹುಟ್ಟಿದುದು 1803ರಲ್ಲಿ, ಬೆಡ್‌ಫರ್ಡ್‌ಷೈರಿನ ಬಡ ಕುಟುಂಬವೊಂದರಲ್ಲಿ. ಲಂಡನ್ನಿನ ಬಳಿಯ ಚಿಸಿಕ್ ತೋಟದಲ್ಲಿ ಕೆಲಸ ಮಾಡುತ್ತಿದ್ದ ಈ ತರುಣನ ಜಾಣ್ಮೆಯನ್ನು ಕಂಡು ಡೆವನ್‌ಷೈರಿನ ಆರನೆಯ ಡ್ಯೂಕನು 1826ರಲ್ಲಿ ಆತನನ್ನು ಚಾಟ್ಸ್‌ವರ್ತ್ ಜಹಗೀರಿನ ಮುಖ್ಯ ತೋಟಗಾರನನ್ನಾಗಿ ನೇಮಿಸಿದನು. ಅಲ್ಲಿನ ಮನೆವಾರ್ತೆಯ ಮೇಲ್ವಿಚಾರಕಿಯ ಸಂಬಂಧಿಯಾದ ಸಾರಾ ಬೌನ್ ಮರುವರ್ಷವೇ ಆತನ ಮಡದಿಯಾದಳು. ಡ್ಯೂಕನೊಡನೆ ಪತಿಯು ದೂರದೇಶಗಳಲ್ಲಿ ಸಂಚರಿಸುತ್ತಿದ್ದಾಗ ತೋಟದ ವ್ಯವಹಾರವನ್ನು ನೋಡಿಕೊಂಡವಳು ಸಾರಾ.

ಉಷ್ಣದೇಶದ ಗಿಡಗಳನ್ನು ಚಳಿಯ ನಾಡಿನಲ್ಲಿ ಬೆಳೆಸುವುದೇ ಪ್ಯಾಕ್ಸ್‌ಟನ್ನನ ಮುಂದಿದ್ದ ಸಮಸ್ಯೆ. ಡ್ಯೂಕನ ಮನೆತನದ ಹೆಸರನ್ನು ಹೊತ್ತ ಕ್ಯಾವೆಂಡಿಷ್ ಬಾಳೆಯು ಚಾಟ್ಸ್‌ವರ್ತಿನಲ್ಲಿ 1835ರಲ್ಲಿ ಹೂಬಿಟ್ಟಿತು. ನಮ್ಮ ಪಚ್ಚಬಾಳೆಯೂ ಅದೇ ಗುಂಪಿಗೆ ಸೇರಿದುದು. ಇಂತಹ ಸಸ್ಯಗಳಿಗೆ ಗಾಜಿನ ಮನೆ ಬೇಕು. ಆದರೆ ಬೆಳಗು ಸಂಜೆಗಳ ಓರೆ ಕಿರಣಗಳು ಚಪ್ಪಟೆಯಾದ ಗಾಜಿನ ಮಾಡಿನಿಂದ ಬಹುಮಟ್ಟಿಗೆ ಹಿಂದಕ್ಕೆ ಚಿಮ್ಮಿಹೋಗುತ್ತವೆ. ಆದ್ದರಿಂದ ಆತನು ಮಾಡನ್ನು ಉತ್ತ ಹೊಲದ ಸಾಲುಗಳಂತೆ ಏರಿಳಿತವಾಗಿ ಮಡಿಸಿದನು. ಓರೆ ಬಿಸಿಲು ಗಾಜಿಗೆ ನೇರವಾಗಿ ತಾಗಿ ಒಳಕ್ಕೆ ಬಂದಿತು. ನಡುಹಗಲಿನ ಉರಿ ಮಾತ್ರ ಓರೆಯಾಗಿ ಬಿದ್ದಿತು. 1836ರಲ್ಲಿ ಪ್ರಾರಂಭವಾದ ಮಹಾ ಗಾಜಿನ ಮನೆಯಲ್ಲಿ ಈ ಉಪಾಯವೇ ಬಳಕೆಯಾಯಿತು. ಅದರ ಉದ್ದ 277 ಅಡಿ, ಅಗಲ 123 ಅಡಿ.

1849ರಲ್ಲಿ ಕ್ಯೂ ಉದ್ಯಾನದಿಂದ ದಕ್ಷಿಣ ಅಮೆರಿಕದ ದೈತ್ಯ ನೈದಿಲೆಯ ಸಸಿಯೊಂದು ಬಂದಿತು. ಕಾಯಿಸಿದ ನೀರಿನ ಕೊಳದಲ್ಲಿ ಬೆಳೆದ ಅದು ನವೆಂಬರಿನಲ್ಲಿ ಅರಳಿತು. ಅದರ ತೇಲುವ ಎಲೆಯೊಂದರ ಮೇಲೆ ಪ್ಯಾಕ್ಸ್‌ಟನ್ನನ ಏಳು ವರ್ಷದ ಮಗಳು ಆನಿಯನ್ನು ನಿಲ್ಲಿಸಿದರು, ಎಲೆ ಮುಳುಗಲಿಲ್ಲ! ಅದರ ಗುಟ್ಟು ಅಡಿಭಾಗದಲ್ಲಿದೆ. ಗಾಡಿಯ ಚಕ್ರದ ಅರಗಳಂತೆ ನಡುವಿನಿಂದ ಹರಡಿದ ದಪ್ಪ ನರಗಳನ್ನು ಅಡ್ಡ ನರಗಳು ಬಿಗಿದು ಕಟ್ಟಿರುತ್ತವೆ. ನರಗಳೊಳಗೆ ಗಾಳಿ ತುಂಬಿರುತ್ತದೆ. ಒಂದೆಡೆ ಬಿದ್ದ ಭಾರವು ಎಲೆಯ ತುಂಬ ಹಂಚಿಹೋಗುತ್ತದೆ.

ಮರುವರ್ಷ ಲಂಡನ್ನಿನ ಮಹಾ ವಸ್ತುಪ್ರದರ್ಶನಕ್ಕೆ ಕಟ್ಟಡ ಬೇಕಾಯಿತು. ಬಂದ 245 ನಕ್ಷೆಗಳಲ್ಲಿ ಒಂದೂ ಒಪ್ಪಿಗೆಯಾಗಲಿಲ್ಲ. 1850ರ ಜೂನ್ ತಿಂಗಳಲ್ಲಿ ಪ್ಯಾಕ್ಸ್‌ಟನ್ ಒಂದು ಹೀರುಕಾಗದದ ಮೇಲೆ ತನ್ನ ಕಲ್ಪನೆಯನ್ನು ಗೀಚಿದನು. ಒಂದೇ ಅಳತೆಯ ಕಬ್ಬಿಣ, ಮರ, ಗಾಜುಗಳ ಭಾಗಗಳನ್ನು ಮೊದಲೇ ತಯಾರಿಸಿ ತಂದು ಜೋಡಿಸಿದುದರಿಂದ, ಸುಮಾರು 1,850 ಅಡಿ ಉದ್ದದ ಅರಮನೆಯು 1851ರ ಮೇ 1ರಂದು ತೆರೆಯಲು ಸಿದ್ಧವಾಗಿತ್ತು. ಪೊಳ್ಳು ಕಬ್ಬಿಣದ ಕಂಬಗಳೇ ಮಳೆನೀರನ್ನು ಇಳಿಸುವ ಕೊಳವೆಗಳೂ ಆದವು.

ಎಲೆಯೊಂದನ್ನು ಕಂಡೊಡನೆ ಅರಮನೆ ಹೊಳೆಯಿತೆಂದು ಜನ ಹೇಳುವುದುಂಟು. ಪ್ಯಾಕ್ಸ್‌ಟನ್ನನೂ ಎಲೆಯನ್ನೇ ತೋರಿಸಿ ತನ್ನ ಕಟ್ಟಡವನ್ನು ವಿವರಿಸಿದನು. ಆದರೆ ಮಡಿಕೆಯ ಮಾಡು ಅದಕ್ಕೆ ಬಹು ಹಿಂದಿನದೆಂಬುದನ್ನು ನಾವು ಮರೆಯಬಾರದು. ಎಲೆಯು ಕಲಿಸಿತು, ನಿಜ; ಆದರೆ ಇಪ್ಪತ್ತು ವರ್ಷ ಗಾಜು, ಮರ, ಬಿಸಿಲುಗಳೊಡನೆ ಒಡನಾಡಿದ ಕಣ್ಣಿಗೆ ಮಾತ್ರ ಅದು ಕಲಿಸಿತು.

ರೈತಕುಲದ ಈ ತೋಟಗಾರನು ‘ಸರ್’ ಪದವಿಯನ್ನು ಪಡೆದು, ಪಾರ್ಲಿಮೆಂಟಿನ ಸದಸ್ಯನೂ ಆಗಿ, 1865ರಲ್ಲಿ ತೀರಿಕೊಂಡನು. ಮಹಾ ಗಾಜಿನ ಮನೆಯನ್ನು 1920ರಲ್ಲಿ ಕೆಡವಿದರು. ಬೇರೆಡೆಗೆ ಸಾಗಿಸಿ ಮತ್ತೆ ಕಟ್ಟಿದ್ದ ಅರಮನೆಯು 1936ರಲ್ಲಿ ಬೆಂಕಿಗೆ ಆಹುತಿಯಾಯಿತು. ಆದರೆ ಭಾಗಗಳನ್ನು ಮೊದಲೇ ತಯಾರಿಸಿ ಜೋಡಿಸುವ ವಿಧಾನವು ಇಂದಿಗೂ ಉಳಿದಿದೆ. ಮುಂದೆ ಲಾಲ್‌ಬಾಗಿಗೆ ಹೋದಾಗ ಗಾಜಿನ ಮನೆಯ ಕಬ್ಬಿಣದ ಕಂಬಗಳನ್ನು ಒಮ್ಮೆ ನಿಂತು ನೋಡೋಣ.