ತಟ್ಟು ಕುದುರೆಗೆ ತಕ್ಕ ಕಡಿವಾಣ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ ಎಂಬ ಈ ನಾಲ್ಕು ಊರುಗಳಲ್ಲಿ ರೈಲು ನಿಲ್ಲುವುದು ಕಡೆಯದರಲ್ಲಿ ಮಾತ್ರ. ಮೋಟಾರು ಬರುವುದಕ್ಕೆ ಮೊದಲು ಉಳಿದೆಡೆಗಳಲ್ಲಿ ಎತ್ತಿನ ಬಂಡಿ, ಕುದುರೆಗಾಡಿಗಳೇ ಗತಿಯಾಗಿದ್ದುವು. ಆ ಕಾಲವು ಸರಿದುಹೋಯಿತು. ಆದರೂ ಮಕ್ಕಳ ಸವಾರಿಗೆಂದೋ ಚಿಕ್ಕ ಗಾಡಿಗೆಂದೋ ತಟ್ಟು ಕುದುರೆಯನ್ನು ಸಾಕಬಯಸುವ ಗೃಹಸ್ಥರಿಗೆ ಕಡಿವಾಣದ ವಿಷಯವಾಗಿ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

“ಇದರ ಬಾಯಿ ಗಟ್ಟಿ, ಹಿಡಿತಕ್ಕೆ ಬಾರದು” ಎಂಬ ದೂರು ಹುಟ್ಟಿದೊಡನೆ ಇನ್ನಷ್ಟು ಕಠಿನವಾದ ಕಡಿವಾಣವನ್ನು ತರುವವರುಂಟು. ಇದು ಗಾಯದ ಮೇಲೆ ಬರೆ ಎಳೆದಂತೆ. ಮೊದಲು ಬಾಯನ್ನು ತೆರೆದು ನೋಡತಕ್ಕದ್ದು. ಕುದುರೆಯ ಮುಂಬಲ್ಲುಗಳಿಗೂ ದವಡೆಹಲ್ಲುಗಳಿಗೂ ನಡುವೆ ಬರಿಯ ವಸಡಿನ ತೆರಪು ಇರುವುದು; ಕಬ್ಬಿಣವು ನೆಲೆಸುವುದು ಅಲ್ಲಿಯೇ. ಅಲ್ಲಿಯ ಚರ್ಮ ಬಹು ತೆಳು. ಅದರ ಕೆಳಗೆ ಎಲುಬು. ಗಾಯವಾದ ವಸಡಿನ ಮೇಲೆ ಕಬ್ಬಿಣ ಒತ್ತಿದರೆ ಪ್ರಾಣಿಯು ನೋವಿನಿಂದ ಪಾರಾಗಲೆಂದೇ ಓಡುವುದು. ಕೆಲವಕ್ಕೆ ಮೇಲಿನ ದವಡೆಹಲ್ಲುಗಳ ಮುಂದೆ ಪುಟ್ಟದೊಂದು ಹೆಚ್ಚಿನ ಹಲ್ಲು ಮೂಡಿ, ಕಡಿವಾಣ ತಗುಲಿದಾಗ ನೋಯುವುದುಂಟು. ಪಶುವೈದ್ಯರು ಅದನ್ನು ಕೀಳಬಲ್ಲರು. ಎರಡೂವರೆ ವರ್ಷದಿಂದ ಐದು ವರ್ಷದ ವರೆಗೆ ಹಾಲುಹಲ್ಲುಗಳು ಉದುರುವ ಕಾಲ. ಆಗ ತಲೆ ಕೊಡಹಿದರೆ ಮೊಂಡುತನವೆಂದು ಭಾವಿಸಿ ಹೊಡೆಯಬಾರದು.

ಇನ್ನು ಅಳತೆ. ಒಂದು ನಯವಾದ ಕೋಲನ್ನು ಬಾಯೊಳಗೆ ಅಡ್ಡಲಾಗಿ ಇರಿಸಿ, ತುಟಿಯ ಎರಡು ಕೊನೆಗಳಲ್ಲಿಯೂ ಗುರುತು ಹಾಕಿರಿ. ಒಂದೊಂದು ಬದಿಗೆ ಕಾಲು ಅಂಗುಲ ಸೇರಿಸಿದರೆ ಬೇಕಾದ ಅಗಲ ದೊರೆಯಿತು. ತಟ್ಟುಗಳಿಗೆ ಸಾಮಾನ್ಯವಾಗಿ 4½ ರಿಂದ 5 ಅಂಗುಲ ಸಾಕು. ದೊಡ್ಡ ಕುದುರೆಯದನ್ನು ಹಾಕಿದರೆ ಅದು ಅತ್ತಿತ್ತ ಜಾರಿ ತುಟಿಯನ್ನು ಉಜ್ಜುವುದು. ನಡುವೆ ಕೀಲುಳ್ಳದ್ದಾದರೆ ಅಂಗುಳನ್ನೂ ಒತ್ತುವುದು. ದಪ್ಪನಾದ ಕಂಬಿ ಮೃದುವೆಂಬುದು ನಿಜ, ಆದರೆ ಪುಟ್ಟ ಬಾಯಿಯಲ್ಲಿ ನಾಲಗೆಗೂ ಎಡೆ ಬೇಕಲ್ಲವೆ?

ಮಕ್ಕಳು ಹಿಡಿಯುವ ಲಗಾಮಿಗೆ ಎರಡು ಬಳೆಗಳುಳ್ಳ ಸರಳ ಕಡಿವಾಣವೇ ಲೇಸು. ಉದ್ದ ತೋಳುಗಳೂ ಗದ್ದದ ಕೆಳಗೆ ಸರಪಳಿಯೂ ಇರುವಂಥದು ಸನ್ನೆಗೋಲಿನಂತೆ ಕೈಯ ಎಳೆತವನ್ನು ಹೆಚ್ಚಿಸುವುದರಿಂದ ಅದು ನುರಿತ ಕೈಗೆ ಮಾತ್ರ ತಕ್ಕುದು. ಮುಳ್ಳುಗಡಿವಾಣದ ಮಾತನ್ನಂತೂ ಎತ್ತಲೇಬಾರದು. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಹಿಂಸೆಯನ್ನು ತಡೆಯಲು 1965ರಲ್ಲಿ ಮಾಡಿದ ಕೇಂದ್ರ ಸರಕಾರದ ನಿಯಮಗಳು ಮುಳ್ಳು, ಗಂಟುಗಳುಳ್ಳ ಕಡಿವಾಣವನ್ನು ನಿಷೇಧಿಸಿವೆ.

ಕಬ್ಬಿಣ ಸರಿಯಾಗಿದ್ದರೂ ಅದನ್ನು ಹಿಡಿದಿರುವ ಕೆನ್ನೆಪಟ್ಟಿ ತಪ್ಪಿದರೆ ಫಲವಿಲ್ಲ. ತುಟಿಯ ಕೊನೆಯಲ್ಲಿ ಒಂದು ಸಣ್ಣ ಸುಕ್ಕು ಕಂಡರೆ ಸರಿ. ಇಳಿಬಿದ್ದರೆ ಹಲ್ಲಿಗೆ ಬಡಿಯುವುದು. ಹುಣಸೂರಿನಲ್ಲಿ ಸರಕಾರದ ಚರ್ಮ ಹದಮಾಡುವ ಕಾರ್ಖಾನೆಯೊಂದು ಇದ್ದಿತು. 1864ರಲ್ಲಿ ಅದು ನಿಂತ ಮೇಲೆಯೂ ಆ ಊರಿನ ಚರ್ಮದ ಕೆಲಸಕ್ಕೆ ಬಹುಕಾಲ ಹೆಸರಿದ್ದಿತು. ಪಟ್ಟಿಯನ್ನು ಪ್ರಾಣಿಯ ತಲೆಗೆ ಹಿಡಿದು ನೋಡಿ ಹೊಲಿಯಬಲ್ಲ ಕೆಲಸಗಾರನೊಬ್ಬನು ಸಿಕ್ಕಿದರೆ ಅವನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮಾಗಿಯ ಬೆಳಗಿನಲ್ಲಿ ಕಬ್ಬಿಣವು ಕೊರೆಯುತ್ತಿರುವುದು. ಬಾಯಿಗಿಡುವ ಮೊದಲು ಅಂಗೈಯಲ್ಲಿ ಹಿಡಿದು ಕೊಂಚ ಬೆಚ್ಚಗೆ ಮಾಡಿರಿ. ಸಂಜೆ ತೊಳೆದು ಒರಸುವಾಗ ಕೀಲು ಸವೆದು ಹರಿತವಾಗಿದೆಯೆ ಎಂದು ಬೆರಳಾಡಿಸಿ ನೋಡಿರಿ.