ಸ್ಟೆಪ್ನಿ ಚಾರ್ಜರ್ ಕೊಳ್ಳುವ ಮುನ್ನ

ಪೆಟ್ರೋಲ್ ಕಾರಿಗೆ ಐದನೇ ಚಕ್ರ ಇದ್ದ ಹಾಗೆ ಎಲೆಕ್ಟ್ರಿಕ್ ಕಾರಿಗೆ ಎರಡನೇ ಚಾರ್ಜರ್ ಬೇಕೇ? ಆಂಧ್ರದಲ್ಲಿರುವ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಚೆಗೆ ಇದೇ ಚರ್ಚೆ. ಮೊದಲೆಲ್ಲ ‘ಬ್ಯಾಡಗಿ ಮೆಣಸಿನಕಾಯಿ ಎಲ್ಲಿ ಸಿಗುತ್ತದೆ’ ಎಂಬುದೇ ದೊಡ್ಡ ಪ್ರಶ್ನೆಯಾಗಿತ್ತು. ಗುಂಟೂರಿನ ಮಗ್ಗುಲಲ್ಲಿ ಕೂತು ಬ್ಯಾಡಗಿ ಕೇಳುವವರು ನಾವು! ಈಗ ಅದರ ಜಾಗಕ್ಕೆ ‘ಕಡಿಮೆ ದುಡ್ಡಿನಲ್ಲಿ ಒಳ್ಳೆ ಪೋರ್ಟಬಲ್ ಚಾರ್ಜರ್ ಯಾವುದು?’ ಬಂದಿದೆ. ಉತ್ತರವಾಗಿ ಆನ್‌ಲೈನ್ ಅಂಗಡಿಗಳ ಲಿಂಕ್‌ಗಳು ಸಾಲಾಗಿ ಬೀಳುತ್ತವೆ. ಒಂದೊಂದರ ಬೆಲೆ ಒಂದೊಂದು, ಎಲ್ಲದರ ಫೋಟೊ ಮಾತ್ರ ಒಂದೇ ಥರ.

ನನಗೆ ಎರಡನೆಯದು ಬೇಕಾದದ್ದು ಎರಡು ಊರಿನ ಸಂಸಾರದಿಂದ. ನಾನಿರುವುದು ವಿಶಾಖಪಟ್ಟಣದ ಮಧುರವಾಡದಲ್ಲಿ, ಅಕ್ಕ-ಭಾವ ಇರುವುದು ವಿಜಯವಾಡದ ಪಟಮಟದಲ್ಲಿ. ಭಾವ ಕಾರ್ಪೊರೇಷನ್ ಬ್ಯಾಂಕಿನವರು. 2020ರ ಏಪ್ರಿಲ್‌ನಲ್ಲಿ ಅದೂ ಆಂಧ್ರ ಬ್ಯಾಂಕೂ ಯೂನಿಯನ್ ಬ್ಯಾಂಕಿನೊಳಗೆ ಸೇರಿದ ಮೇಲೆ ನಮ್ಮ ಕಡೆಯ ಎಷ್ಟೋ ಬ್ಯಾಂಕ್ ಕುಟುಂಬಗಳು ತೆಲುಗು ಕಲಿತವು, ಇವರದೂ ಒಂದು. ಅಮ್ಮ ಈಗ ಅಕ್ಕನ ಮನೆಯಲ್ಲಿರುವುದರಿಂದ ನಾವು ತಿಂಗಳಿಗೊಮ್ಮೆಯಾದರೂ ಹೋಗುತ್ತೇವೆ. ರಾಷ್ಟ್ರೀಯ ಹೆದ್ದಾರಿ 16ರಲ್ಲಿ ತುನಿ, ಅನ್ನವರಂ, ರಾಜಮಹೇಂದ್ರವರ, ಏಲೂರು ದಾಟಿ ಸುಮಾರು 350 ಕಿಲೋಮೀಟರ್. ನನ್ನ ಕಾರಿನ ಬ್ಯಾಟರಿ 40 ಯೂನಿಟ್‌ನದು. ರಾಜಮಹೇಂದ್ರವರದ ಆಸುಪಾಸಿನಲ್ಲಿ ಒಮ್ಮೆ ಫಾಸ್ಟ್ ಚಾರ್ಜಿಂಗ್, ಜೊತೆಗೆ ಒಂದು ಕಾಫಿ. ವಿಜಯವಾಡ ತಲುಪುವಾಗ ಕಾಲು ಭಾಗ ಉಳಿದಿರುತ್ತದೆ. ವಾಪಸು ಹೊರಡುವ ಹೊತ್ತಿಗೆ ಅಲ್ಲಿ ಮನೆಯಲ್ಲೇ ತುಂಬಿಸಿಕೊಂಡರೆ ಆಯಿತು. ಕಾರಿನ ಜೊತೆ ಬಂದ ಚಾರ್ಜರನ್ನು ಪ್ರತಿ ಸಲ ಬಿಚ್ಚಿ, ಸುತ್ತಿ, ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವ ಬದಲು ಅಲ್ಲೊಂದು ಇರಲಿ ಎಂಬುದು ಲೆಕ್ಕ. ಇರುವ ಒಂದೇ ಚಾರ್ಜರ್ ಕೆಟ್ಟರೆ ಬದಲಿ ಬರುವವರೆಗೆ ಕಾಯಬೇಕಾದ ಪಾಡೂ ತಪ್ಪುತ್ತದೆ.

ಬೆಲೆಯ ಮಾತಿಗೆ ಮೊದಲು ಒಂದು ವಿಷಯ. ನಾವು ಚಾರ್ಜರ್ ಎಂದು ಕರೆಯುವ ಈ ಪೆಟ್ಟಿಗೆ ನಿಜವಾಗಿ ಚಾರ್ಜರ್ ಅಲ್ಲ. ಎಸಿ ಕರೆಂಟನ್ನು ಡಿಸಿ ಮಾಡಿ ಬ್ಯಾಟರಿಗೆ ಕೊಡುವ ಚಾರ್ಜರ್ ಕಾರಿನ ಒಳಗೇ ಇದೆ. ಹೊರಗಿನ ಪೆಟ್ಟಿಗೆ ಕಾವಲುಗಾರ ಮಾತ್ರ. ಅದು ಕಾರಿಗೆ ತೆಳುವಾದ ಒಂದು ತಂತಿಯಲ್ಲಿ ಸೆಕೆಂಡಿಗೆ ಸಾವಿರ ಸಲ ಮಿಡಿಯುವ ಸಂಕೇತ ಕಳಿಸುತ್ತದೆ. ಪ್ರತಿ ಮಿಡಿತದಲ್ಲಿ ಎಷ್ಟು ಭಾಗ ‘ಆನ್’ ಇದೆ ಎಂಬುದನ್ನು ನೋಡಿ, ಎಷ್ಟು ಆಂಪಿಯರ್‌ವರೆಗೆ ಎಳೆದುಕೊಳ್ಳಬಹುದು ಎಂದು ಕಾರು ತಿಳಿದುಕೊಳ್ಳುತ್ತದೆ. ಶೇ 10 ಇದ್ದರೆ 6 ಆಂಪಿಯರ್, ಶೇ 27ರ ಹತ್ತಿರ ಇದ್ದರೆ 16 ಆಂಪಿಯರ್. ಇದರ ಜೊತೆಗೆ ಅರ್ಥಿಂಗ್ ಇದೆಯೇ, ಕರೆಂಟ್ ಎಲ್ಲಾದರೂ ಸೋರುತ್ತಿದೆಯೇ, ಪ್ಲಗ್ ಬಿಸಿಯಾಗುತ್ತಿದೆಯೇ ಎಂದು ನೋಡುತ್ತಿರುತ್ತದೆ. ಎಡವಟ್ಟಾದರೆ ರಿಲೇ ಬಿಡಿಸಿ ಕರೆಂಟ್ ನಿಲ್ಲಿಸುತ್ತದೆ. ನಾವು ದುಡ್ಡು ಕೊಡುವುದು ಈ ಕಾವಲಿಗೆ.

ಹಾಗಾದರೆ ಎಲ್ಲಿ ಉಳಿಸಬಹುದು? ಆಂಪಿಯರಿನಲ್ಲಿ ಉಳಿಸಬಹುದು. ‘7.2 ಕಿಲೋವ್ಯಾಟ್’ ಎಂದು ದೊಡ್ಡದಾಗಿ ಬರೆದುಕೊಂಡಿರುವ ಪೆಟ್ಟಿಗೆಗಳು 32 ಆಂಪಿಯರ್ ಕೇಳುತ್ತವೆ. ನಮ್ಮ ಮನೆಯ ದೊಡ್ಡ ಮೂರು ಪಿನ್ ಸಾಕೆಟ್ ಇರುವುದು 16 ಆಂಪಿಯರಿಗೆ. 32 ಬೇಕೆಂದರೆ ಕಾರ್ಖಾನೆಗಳಲ್ಲಿ ಕಾಣುವ ನೀಲಿ ಬಣ್ಣದ ದುಂಡನೆಯ ಸಾಕೆಟ್, ದಪ್ಪ ತಂತಿ, ಮೀಟರಿನ ಲೋಡ್ ಹೆಚ್ಚಿಸಲು ವಿದ್ಯುತ್ ಕಂಪನಿಗೆ ಅರ್ಜಿ ಎಲ್ಲ ಬೇಕು. ಇನ್ನು ಕಾರಿನೊಳಗಿನ ಚಾರ್ಜರೇ 3.3 ಕಿಲೋವ್ಯಾಟಿನದಾಗಿದ್ದರೆ ಹೊರಗೆ 7.2 ಇಟ್ಟು ಪ್ರಯೋಜನವಿಲ್ಲ. ಕೊಡದ ಎರೆಬಾಯಿ ಚಿಕ್ಕದಿದ್ದರೆ ನಲ್ಲಿ ದೊಡ್ಡದು ಮಾಡಿ ಏನು ಬಂತು? ನಾನು ವಿಚಾರಿಸಿದಾಗ ಹೊರಗಿನ ತಯಾರಕರ 16 ಆಂಪಿಯರ್ ಪೆಟ್ಟಿಗೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಶುರುವಾಗುತ್ತಿತ್ತು, 32 ಆಂಪಿಯರಿನದು ಇಪ್ಪತ್ತು ಸಾವಿರ ದಾಟುತ್ತಿತ್ತು.

ಎಷ್ಟು ಸಾಕು ಎಂಬುದಕ್ಕೆ ಸಣ್ಣ ಗುಣಾಕಾರ ಮಾಡೋಣ. 230 ವೋಲ್ಟ್, 10 ಆಂಪಿಯರ್ ಎಂದರೆ 2.3 ಕಿಲೋವ್ಯಾಟ್. ರಾತ್ರಿ ಹತ್ತು ಗಂಟೆ ಇಟ್ಟರೆ ಗೋಡೆಯಿಂದ 23 ಯೂನಿಟ್. ದಾರಿಯಲ್ಲಿ ಬಿಸಿಯಾಗಿ ಹೋಗುವುದನ್ನು ಕಳೆದರೆ ಬ್ಯಾಟರಿಗೆ ಸುಮಾರು 20. ಶನಿವಾರ ರಾತ್ರಿ, ಭಾನುವಾರ ರಾತ್ರಿ ಸೇರಿದರೆ ನನ್ನ ಕಾರು ಭರ್ತಿ. 16 ಆಂಪಿಯರ್‌ನಲ್ಲಿಟ್ಟರೆ ಒಂದು ರಾತ್ರಿಗೇ 30 ಯೂನಿಟ್ ದಾಟುತ್ತದೆ. ಬರೀ 6ರಲ್ಲಿಟ್ಟರೂ 12 ಸಿಗುತ್ತದೆ, ಊರೊಳಗಿನ ಓಡಾಟಕ್ಕೆ ಅದೇ ಬೇಕಾದಷ್ಟಾಯಿತು. ಹಾಗಾಗಿ 6, 8, 10, 13, 16 ಎಂದು ಗುಂಡಿ ಒತ್ತಿ ಆಂಪಿಯರ್ ಬದಲಿಸಲು ಬರುವ ಪೆಟ್ಟಿಗೆಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹಳೆಯ ಮನೆಯ ಹಳೆಯ ತಂತಿಯ ಮೇಲೆ ಕರುಣೆ ತೋರಿಸಲು ಅದೊಂದೇ ದಾರಿ. ವೈಫೈ, ಮೊಬೈಲ್ ಆ್ಯಪ್, ಬಣ್ಣದ ಪರದೆ ಇವು ಯಾವುವೂ ಬೇಕಿಲ್ಲ. ನಾನು ದಿನವಿಡೀ ಆ್ಯಪ್ ಬರೆಯುವವನು, ಆದರೂ ಚಾರ್ಜರಿಗೊಂದು ಆ್ಯಪ್ ಏಕೆಂದು ನನಗೆ ಇನ್ನೂ ಅರ್ಥವಾಗಿಲ್ಲ.

ಮನೆಯ 15 ಆಂಪಿಯರ್ ಸಾಕೆಟ್ ಎಂದರೆ ಕೀಳು ಎಂದು ಮೂಗು ಮುರಿಯುವವರಿಗೆ ಒಂದು ನೆನಪು. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ ಕಾರು ರಸ್ತೆಗಿಳಿದಾಗ ಅದು ಚಾರ್ಜ್ ಆಗುತ್ತಿದ್ದುದು ಇದೇ ಸಾಕೆಟ್ಟಿನಲ್ಲಿ.

ಉಳಿಸಬಾರದ ಕಡೆ ಯಾವುದು ಎಂಬುದು ವಿಜಯವಾಡದಲ್ಲಿ ಕಣ್ಣೆದುರಿಗೇ ಬಂತು. ಅಕ್ಕನದು ಬಾಡಿಗೆ ಮನೆ, ಕೆಳಗೆ ಪಾರ್ಕಿಂಗ್. ಅಲ್ಲಿ ಬೋರ್‌ವೆಲ್ ಮೋಟಾರಿನ ಪಕ್ಕ ಒಂದು ಮೂರು ಪಿನ್ ಸಾಕೆಟ್ ಇತ್ತು. ಕಾರಿನ ಕಂಪನಿ ಚಾರ್ಜರನ್ನು ಅದಕ್ಕೆ ಸಿಕ್ಕಿಸಿದರೆ ಕೆಂಪು ದೀಪ, ‘ಅರ್ಥ್ ಇಲ್ಲ’ ಎಂಬ ಸೂಚನೆ. ಸಾಕೆಟ್ ಬಿಚ್ಚಿಸಿ ನೋಡಿದರೆ ಮೇಲಿನ ದೊಡ್ಡ ತೂತಿನ ಹಿಂದೆ ತಂತಿಯೇ ಇರಲಿಲ್ಲ. ಮನೆಯ ಮಾಲೀಕರು “ಏಂ ಕಾದು ಸಾರ್, ಇಪ್ಪತ್ತು ವರ್ಷದಿಂದ ಮೋಟಾರ್ ಓಡ್ತಿದೆ” ಎಂದು ನಕ್ಕರು. ಅವರ ಮಾತು ಸುಳ್ಳಲ್ಲ. ಮೋಟಾರ್ ಓಡಲು ಅರ್ಥಿಂಗ್ ಬೇಡ. ಮೋಟಾರ್ ಕೆಟ್ಟ ದಿನ ಅದನ್ನು ಮುಟ್ಟಿದ ಮನುಷ್ಯನಿಗೆ ಬೇಕು.

ಬಂದಿದ್ದ ಎಲೆಕ್ಟ್ರಿಷಿಯನ್ ಬಳಿ ಸುಲಭದ ಪರಿಹಾರ ಇತ್ತು: ಪ್ಲಗ್ಗಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ. ಇದನ್ನೇ ‘ಡಮ್ಮಿ ಅರ್ಥ್’ ಎಂದು ಸಿದ್ಧ ಅಡಾಪ್ಟರ್ ಮಾಡಿ ಮಾರುವವರೂ ಇದ್ದಾರೆ. ಕಡಿಮೆ ಬೆಲೆಯ ಕೆಲವು ಚಾರ್ಜರ್‌ಗಳಲ್ಲಿ ‘ಅರ್ಥಿಂಗ್ ಇಲ್ಲದೆಯೂ ಕೆಲಸ ಮಾಡುತ್ತದೆ’ ಎಂಬುದೇ ಜಾಹೀರಾತು. ದೀಪ ಹಸಿರಾಗುತ್ತದೆ, ಕಾರು ಚಾರ್ಜ್ ಆಗುತ್ತದೆ, ಎಲ್ಲರಿಗೂ ಖುಷಿ. ಆದರೆ ಈಗ ಕಾರಿನ ಬಾಡಿ ನೇರವಾಗಿ ನ್ಯೂಟ್ರಲ್‌ಗೆ ಅಂಟಿಕೊಂಡಿರುತ್ತದೆ. ಎಲ್ಲೋ ಮೇಲೆ ನ್ಯೂಟ್ರಲ್ ಕಡಿದರೆ, ಇಲ್ಲವೇ ಯಾರೋ ರಿಪೇರಿ ಮಾಡುವಾಗ ಫೇಸ್, ನ್ಯೂಟ್ರಲ್ ಅದಲುಬದಲು ಮಾಡಿದರೆ, ಇಡೀ ಬಾಡಿಗೆ 230 ವೋಲ್ಟ್. ಕಾರು ರಬ್ಬರ್ ಚಕ್ರದ ಮೇಲೆ ನಿಂತಿರುವುದರಿಂದ ಅದು ನೆಲಕ್ಕೆ ಹರಿದುಹೋಗುವುದಿಲ್ಲ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಬಾಗಿಲು ಮುಟ್ಟುವವರಿಗಾಗಿ ಕಾದಿರುತ್ತದೆ. ಪಾರ್ಕಿಂಗ್‌ನಲ್ಲಿ ಬೆಳಗ್ಗೆ ನೀರು ಹಾಕಿ ರಂಗೋಲಿ ಇಡುವವಳು ನನ್ನ ಅಕ್ಕ.

ಆದ್ದರಿಂದ ಚಾರ್ಜರಿಗೆ ಮೊದಲು ಸಾಕೆಟ್ಟಿಗೆ ಖರ್ಚು ಮಾಡಿದೆವು. ಕಾಂಪೌಂಡಿನ ಮೂಲೆಯಲ್ಲಿ ಗುಂಡಿ ತೋಡಿಸಿ, ಪೈಪು ಇಳಿಸಿ, ಸುತ್ತ ಉಪ್ಪು, ಇದ್ದಿಲು ತುಂಬಿಸಿದ್ದಾಯಿತು. ಅಲ್ಲಿಂದ ಸಾಕೆಟ್‌ವರೆಗೆ ಅರ್ಥ್ ತಂತಿ. ಮೀಟರ್ ಬೋರ್ಡಿನಿಂದ ಪ್ರತ್ಯೇಕವಾಗಿ 4 ಚದರ ಮಿಲಿಮೀಟರ್ ತಾಮ್ರದ ತಂತಿ, 20 ಆಂಪಿಯರ್ ಎಂಸಿಬಿ, ಅದರ ಜೊತೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಈ ಕೊನೆಯದನ್ನು ಬಿಡಬೇಡಿ. ಮಣ್ಣಿನ ಮೂಲಕ ಹರಿಯುವ ಕರೆಂಟ್ ಎಂಸಿಬಿಯನ್ನು ಬೀಳಿಸುವಷ್ಟು ದೊಡ್ಡದಿರುವುದಿಲ್ಲ. ಸೋರಿಕೆ ಹಿಡಿಯುವುದು ಆರ್‌ಸಿಸಿಬಿ. ವಿಜಯವಾಡವನ್ನು ಬೆಜವಾಡ ಎಂದು ಕರೆಯುತ್ತಿದ್ದ ಕಾಲದಿಂದಲೂ ತಮಾಷೆಗೆ ‘ಬ್ಲೇಜ್‌ವಾಡ’ ಎನ್ನುವುದುಂಟು, ಅಂಥ ಸೆಕೆ. ಬೇಸಿಗೆಯಲ್ಲಿ ಮಣ್ಣು ಒಣಗಿದಂತೆ ಅರ್ಥಿಂಗ್ ದುರ್ಬಲವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಆ ಗುಂಡಿಗೆ ಆಗಾಗ ಒಂದು ಬಕೆಟ್ ನೀರು ಸುರಿಯುವ ಕೆಲಸ ಭಾವನದು. ಖರ್ಚಿನ ಅರ್ಧವನ್ನು ಮಾಲೀಕರು ಬಾಡಿಗೆಯಲ್ಲಿ ಮುರಿದುಕೊಳ್ಳಲು ಒಪ್ಪಿದರು. ಅದು ಬ್ಯಾಂಕ್ ಮ್ಯಾನೇಜರ್ ಮಾತಿನ ಬಲ, ನನ್ನ ಎಂಟೆಕ್‌ನದ್ದಲ್ಲ.

ಸಾಕೆಟ್ಟನ್ನು ಎದೆಯೆತ್ತರಕ್ಕೆ ಏರಿಸಿದೆವು. 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬುಡಮೇರು ಉಕ್ಕಿ ಸಿಂಗ್ ನಗರದ ಮನೆಗಳೊಳಗೆ ನೀರು ನಿಂತಿದ್ದನ್ನು ನೋಡಿದ ಊರು ಅದು. ಚಾರ್ಜರಿನ ಮೇಲೆ ‘ಐಪಿ 67’ ಎಂದು ಬರೆದಿದ್ದರೆ ನೀರಿಗೆ ಬಿದ್ದರೂ ಪರವಾಗಿಲ್ಲ ಎಂದು ಭಾವಿಸುವವರಿದ್ದಾರೆ. ಆ ಸಂಖ್ಯೆ ಸಾಮಾನ್ಯವಾಗಿ ನಡುವಿನ ಪೆಟ್ಟಿಗೆಗೆ ಮಾತ್ರ. ಮೂರು ಪಿನ್ನಿನ ಪ್ಲಗ್ಗಿಗೂ ಗೋಡೆಯ ಸಾಕೆಟ್ಟಿಗೂ ಆ ರಕ್ಷಣೆ ಇಲ್ಲ. ವಿಶಾಖಪಟ್ಟಣದ್ದು ಇನ್ನೊಂದು ಕಾಟ, ಉಪ್ಪುಗಾಳಿ. ಹಿತ್ತಾಳೆ ಪಿನ್ನುಗಳ ಮೇಲೆ ಹಸಿರು ಕಿಲುಬು ಹತ್ತುತ್ತದೆ, ಸಾಕೆಟ್ಟಿನ ಹಿಡಿತ ಸಡಿಲವಾಗುತ್ತದೆ, ಸಡಿಲವಾದ ಕಡೆ ಬಿಸಿ. ಗೀಸರ್ ಹತ್ತು ನಿಮಿಷ ಓಡುತ್ತದೆ, ಕಾರು ಹತ್ತು ಗಂಟೆ. ಹೊಸ ಜಾಗದಲ್ಲಿ ಮೊದಲ ಸಲ ಹಾಕಿದಾಗ ಒಂದು ಗಂಟೆ ಬಿಟ್ಟು ಪ್ಲಗ್ಗನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಸಾಕೆಟ್ ಬದಲಿಸಿ. ಪ್ಲಗ್ಗಿನೊಳಗೇ ಉಷ್ಣಾಂಶದ ಸೆನ್ಸರ್ ಇರುವ ಚಾರ್ಜರ್ ಈ ಕಾರಣಕ್ಕೇ ಮೇಲು. ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ವೈರಿನಲ್ಲಿ ಕಾರು ಚಾರ್ಜ್ ಮಾಡುವ ಸಾಹಸ ಬೇಡವೇ ಬೇಡ, ಸುರುಳಿಯೇ ಒಲೆಯಾಗುತ್ತದೆ.

ಇಷ್ಟಾದ ಮೇಲೆ ಕೊಳ್ಳುವುದು ಸುಲಭವಾಯಿತು. ಮಾರುವವರಿಗೆ ನಾನು ಕೇಳಿದ್ದು ಕೆಲವೇ ಪ್ರಶ್ನೆ. ಅರ್ಥಿಂಗ್ ಇಲ್ಲದಿದ್ದರೆ ಇದು ನಿಲ್ಲುತ್ತದೆಯೇ? ‘ಇಲ್ಲ ಸಾರ್, ಎಲ್ಲಾ ಕಡೆ ಓಡುತ್ತೆ’ ಎಂದವರನ್ನು ಅಲ್ಲಿಗೇ ಬಿಟ್ಟೆ. ಸೋರಿಕೆ ರಕ್ಷಣೆ ಎಸಿ 30 ಮಿಲಿಆಂಪಿಯರ್ ಜೊತೆಗೆ ಡಿಸಿ 6 ಮಿಲಿಆಂಪಿಯರಿಗೂ ಇದೆಯೇ? ಕಾರಿನ ಕಡೆಯಿಂದ ಡಿಸಿ ಸೋರಿದರೆ ಮನೆಯ ಸಾಮಾನ್ಯ ಆರ್‌ಸಿಸಿಬಿ ಮಂಕಾಗಿಬಿಡುತ್ತದೆ, ಅದಕ್ಕೆ ಈ ಪ್ರಶ್ನೆ. ಐಎಸ್ 17017 ಅಥವಾ ಐಇಸಿ 62752ರ ಪರೀಕ್ಷಾ ವರದಿ ಇದೆಯೇ, ಅದರಲ್ಲಿ ಇದೇ ಮಾಡೆಲ್ ನಂಬರ್ ಇದೆಯೇ? ‘ಸಿಇ’ ಎಂಬ ಗುರುತಿಗೆ ನಾನು ಬೆಲೆ ಕೊಡಲಿಲ್ಲ, ಅದು ಬಹುಪಾಲು ತಯಾರಕ ತಾನೇ ಹೇಳಿಕೊಳ್ಳುವ ಮಾತು. ಕಾರಿನ ವಾರಂಟಿ ಪುಸ್ತಕದಲ್ಲಿ ಹೊರಗಿನ ಚಾರ್ಜರ್ ಬಗ್ಗೆ ಏನಿದೆ ಎಂದು ಮೊದಲೇ ಓದಿಕೊಂಡಿದ್ದೆ, ನೀವೂ ಓದಿ. ಬಿಲ್ಲಿನಲ್ಲಿ ಜಿಎಸ್‌ಟಿ ಎಷ್ಟು ಹಾಕಿದ್ದಾರೆ ನೋಡಿ. 2019ರ ಆಗಸ್ಟ್ 1ರಿಂದ ಇ.ವಿ. ಚಾರ್ಜರ್ ಮೇಲಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದಿದೆ.

ಸ್ವಂತ ಮನೆ ಇರುವವರಿಗೆ ಇನ್ನೊಂದು ದಾರಿಯೂ ಇದೆ. ಮನೆಗೆ ಗೋಡೆಯ ಚಾರ್ಜರ್ ಹಾಕಿಸಿ, ಕಾರಿನ ಜೊತೆ ಬಂದದ್ದನ್ನೇ ಸ್ಟೆಪ್ನಿ ಮಾಡಿಕೊಳ್ಳುವುದು. ಹಾಗೆ ಗೋಡೆಯದು ಹಾಕಿಸಿಕೊಂಡವರು ತಮ್ಮ ಕಂಪನಿ ಚಾರ್ಜರನ್ನು ಮಾರುವುದೂ ಉಂಟು. ಬಿಲ್ ಇದ್ದು, ನಿಮ್ಮ ಕಾರಿನ ಮೇಲೆ ಓಡಿಸಿ ನೋಡಲು ಬಿಟ್ಟರೆ, ಅಪರಿಚಿತ ಹೊಸ ಪೆಟ್ಟಿಗೆಗಿಂತ ನಾನು ಅದನ್ನೇ ಆರಿಸುತ್ತೇನೆ. ನನಗೆ ಆಗ ಅಂಥದ್ದು ಸಿಗಲಿಲ್ಲ.

ಕೊನೆಗೆ 16 ಆಂಪಿಯರಿನ, ಗುಂಡಿ ಒತ್ತಿ ಆಂಪಿಯರ್ ಬದಲಿಸುವ, ಆ್ಯಪ್ ಇಲ್ಲದ ಪೆಟ್ಟಿಗೆಯೊಂದನ್ನು ಕೊಂಡೆ. ವಿಜಯವಾಡದಲ್ಲಿ ಅದು 10ರಲ್ಲೇ ಓಡುತ್ತದೆ. ಪೆಟ್ಟಿಗೆಯ ಭಾರ ಪ್ಲಗ್ಗಿನ ಪಿನ್ನುಗಳ ಮೇಲೆ ಬಿದ್ದರೆ ಸಾಕೆಟ್ ಬೇಗ ಸಡಿಲವಾಗುತ್ತದೆ ಎಂದು ಪಕ್ಕದಲ್ಲೊಂದು ಕೊಕ್ಕೆ ಹೊಡೆಸಿದ್ದೇನೆ. ಧೂಳು ಕೂರಬಾರದೆಂದು ಅಕ್ಕ ಹಳೆಯ ಇಳಕಲ್ ಸೀರೆಯ ಅಂಚಿನಲ್ಲಿ ಅದಕ್ಕೊಂದು ಚೀಲ ಹೊಲಿದಿದ್ದಾಳೆ. “ಚಾರ್ಜ್ ಆಗುವಾಗ ಚೀಲ ತೆಗೆದಿಡು, ಪೆಟ್ಟಿಗೆಗೆ ಗಾಳಿ ಬೇಕು” ಎಂದೆ. “ಗೊತ್ತಾಯ್ತು ಮಾರಾಯ, ಬಾಗಿಲಿಗೇ ಬರೆದು ಅಂಟಿಸಿ ಹೋಗು” ಎಂದಳು. ಅಂಟಿಸಿ ಬಂದಿದ್ದೇನೆ, ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಬೇಕೆಂಬ ಇನ್ನೊಂದು ಚೀಟಿಯ ಜೊತೆಗೆ.